ಬ್ಯಾಟರಿಗೆ ದುಡ್ಡು ಕೊಡುವ ಮೊದಲು ಸೆಲ್ಲು ಅಳೆಯಿರಿ

(ಪಟ್ಟನಾಯಕನಹಳ್ಳಿಯಲ್ಲಿ ಸೇರಿದ್ದ ರೈತರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಬೆಲೆ ಮತ್ತು ಸಾಲದ ವಿಷಯ ಮಾತಾಡಲು ಕರೆದ ಸಭೆಗೆ ಈ ಮನುಷ್ಯ ಬ್ಯಾಟರಿ ಪೆಟ್ಟಿಗೆ ಹಿಡಕೊಂಡು ಯಾಕೆ ಬಂದ ಅಂತ ಮುಂದೆ ಕೂತಿರುವ ಹಿರಿಯರೊಬ್ಬರು ಆಗಲೇ ಕೇಳಿದರು. ನ್ಯಾಯವಾದ ಪ್ರಶ್ನೆ. ಉತ್ತರ ಕೊಟ್ಟೇ ಮುಂದಕ್ಕೆ ಹೋಗುತ್ತೇನೆ.

ಇಪ್ಪತ್ತು ವರ್ಷದ ಹಿಂದೆ ನಮ್ಮ ಮನೆಗಳಲ್ಲಿ ಬ್ಯಾಟರಿ ಅಂದರೆ ಟಾರ್ಚಿಗೆ ಹಾಕುವ ಶೆಲ್ಲು, ಬಿಟ್ಟರೆ ಟ್ರ್ಯಾಕ್ಟರ್ ಇದ್ದವರ ಮನೆಯ ದೊಡ್ಡ ಬ್ಯಾಟರಿ. ಈಗ ಎಣಿಸಿ ನೋಡಿ. ಔಷಧಿ ಹೊಡೆಯುವ ಪಂಪಿಗೆ ಒಂದು. ಹಂದಿ ಕಾಟಕ್ಕೆ ಹಾಕಿದ ಸೋಲಾರ್ ಬೇಲಿಗೆ ಒಂದು. ರಾತ್ರಿ ಪಾಳಿಯಲ್ಲಿ ಥ್ರೀ ಫೇಸ್ ಬಂದಾಗ ಮೋಟಾರು ಹಾಕಲು ಹೋಗುವವನ ತಲೆ ಮೇಲಿನ ದೀಪಕ್ಕೆ ಒಂದು. ಮಕ್ಕಳು ಓದುವ ದೀಪಕ್ಕೆ, ಕೆಲವರ ಮನೆಯಲ್ಲಿ ಸ್ಕೂಟರಿಗೆ. ಇದರಲ್ಲಿ ಯಾವುದನ್ನು ನಾವು ಕೈಯಲ್ಲಿ ದುಡ್ಡಿಟ್ಟುಕೊಂಡು ತಂದಿದ್ದೇವೆ? ಗೊಬ್ಬರದಂಗಡಿಯ ಉದ್ದರಿ ಪುಸ್ತಕದಲ್ಲಿ ಯೂರಿಯಾ, ಡಿಎಪಿ, ಕಳೆನಾಶಕದ ಕೆಳಗೆ ಬ್ಯಾಟರಿ ಅಂತ ಒಂದು ಸಾಲು ಬಂದು ಕೂತಿದೆ. ಬಿತ್ತನೆ ಬೀಜಕ್ಕೆ ಚೌಕಾಸಿ ಮಾಡುತ್ತೇವೆ, ಗೊಬ್ಬರದ ಮೂಟೆ ತೂಕ ನೋಡುತ್ತೇವೆ. ಬ್ಯಾಟರಿಯನ್ನು ಮಾತ್ರ ಅಂಗಡಿಯವನು ಕೊಟ್ಟ ಹಾಗೇ ಬಗಲಲ್ಲಿಟ್ಟುಕೊಂಡು ಬರುತ್ತೇವೆ. ನಾನೂ ಹಾಗೇ ತಂದವನು. ಅದರಿಂದ ಆದದ್ದನ್ನು ಹೇಳಲಿಕ್ಕೇ ಇವತ್ತು ನಿಂತಿದ್ದೇನೆ.

ಹಳೇ ಸೀಸದ ಬ್ಯಾಟರಿ ನಿಮಗೆಲ್ಲ ಗೊತ್ತು. ಪಂಪಿನೊಳಗಿನ 12 ವೋಲ್ಟು 8 ಆಂಪಿಯರ್-ಗಂಟೆಯ ಪೆಟ್ಟಿಗೆ. ಅದನ್ನು ಪೂರಾ ಖಾಲಿ ಮಾಡಿ ನಾಲ್ಕು ದಿನ ಚಾರ್ಜಿಗೆ ಹಾಕದೆ ಮೂಲೆಗಿಟ್ಟರೆ ಸತ್ತಿತು ಅಂತಲೇ ತಿಳಿಯಿರಿ. ವರ್ಷಕ್ಕೊಂದು, ಎರಡು ವರ್ಷಕ್ಕೊಂದು ತಂದು ತಂದು ಬೇಸತ್ತಾಗ ನಮ್ಮೂರುಗಳ ಹುಡುಗರು ಲಿಥಿಯಂ ಸೆಲ್ಲು ತರಿಸಿ ತಾವೇ ಜೋಡಿಸಲು ಶುರು ಮಾಡಿದರು. ಐಟಿಐ ಓದಿದವರು, ಮೊಬೈಲ್ ರಿಪೇರಿ ಮಾಡುವವರು. ಇದನ್ನು ನಾನು ವಿರೋಧಿಸಲು ಬಂದಿಲ್ಲ. ಕಂಪನಿಯವನು ಮುಚ್ಚಿ ಅಂಟಿಸಿ ಕೊಡುವ ಪೆಟ್ಟಿಗೆಗಿಂತ, ಬಿಚ್ಚಿ ನೋಡಬಹುದಾದ ಪೆಟ್ಟಿಗೆ ರೈತನಿಗೆ ಒಳ್ಳೇದು. ಆದರೆ ಬಿಚ್ಚಿದರೆ ಏನು ನೋಡಬೇಕು ಅಂತ ಗೊತ್ತಿರಬೇಕಲ್ಲ.

2025ರ ಸೆಪ್ಟೆಂಬರಿನ ಒಂದು ರಾತ್ರಿ. ನಮ್ಮ ಕಡ್ಲೆಕಾಯಿ ಬಲಿತಿತ್ತು, ಕೀಳಲಿಕ್ಕೆ ವಾರ ಬಾಕಿ. ಬೇಲಿಗೆ ಇದ್ದದ್ದು ನನ್ನ ಅಣ್ಣನ ಮಗ ಜೋಡಿಸಿಕೊಟ್ಟಿದ್ದ ಲಿಥಿಯಂ ಬ್ಯಾಟರಿ. ಎಂಟು ಸೆಲ್ಲು, ಒಂದೊಂದಕ್ಕೆ 190 ರೂಪಾಯಿ ಬಿದ್ದಿತ್ತು. ಮೂರು ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೆ ಬೆಳಗಿನ ಜಾವ ಬೇಲಿಯ ಟಕ್ ಟಕ್ ಸದ್ದು ನಿಲ್ಲತೊಡಗಿತು. ಮೋಡ ಇತ್ತು, ಬಿಸಿಲು ಸಾಲಲಿಲ್ಲ ಅಂದುಕೊಂಡೆವು. ಆ ರಾತ್ರಿ ಎರಡು ಗಂಟೆಗೇ ನಿಂತಿದೆ. ಬೆಳಿಗ್ಗೆ ಹೋಗಿ ನೋಡಿದರೆ ಅರ್ಧ ಎಕರೆ ನೇಗಿಲು ಹೊಡೆದ ಹಾಗಿತ್ತು. ಹಂದಿ ತಿಂದದ್ದಕ್ಕಿಂತ ತುಳಿದು ಹಾಳುಮಾಡಿದ್ದೇ ಹೆಚ್ಚು. ಎರಡು ಕ್ವಿಂಟಲ್ ಹೋಯಿತು ಅಂತ ಇಟ್ಟುಕೊಳ್ಳಿ. ಕೇಂದ್ರ ಸರ್ಕಾರ 2025-26ಕ್ಕೆ ಕಡ್ಲೆಕಾಯಿಗೆ ಹೇಳಿದ ಬೆಂಬಲ ಬೆಲೆ ಕ್ವಿಂಟಲಿಗೆ 7,263 ರೂಪಾಯಿ. ಎರಡಕ್ಕೆ 14,526. ಮಂಡಿಯಲ್ಲಿ ಆ ಬೆಲೆ ಕೈಗೆ ಬರುತ್ತದೋ ಇಲ್ಲವೋ ಅದು ಬೇರೆ ಜಗಳ, ಇವತ್ತಿನದಲ್ಲ.

ಬ್ಯಾಟರಿ ಬಿಚ್ಚಿ ಮೀಟರ್ ಹಿಡಿದೆವು. ಹೊರಗಿನ ತಂತಿಯಲ್ಲಿ ಏನೂ ಇಲ್ಲ. ಒಳಗೆ, ಸೆಲ್ಲುಗಳ ಎರಡು ತುದಿಗೆ ಹಿಡಿದರೆ 12.36 ವೋಲ್ಟು ತೋರಿಸಿತು. ಸೀಸದ ಬ್ಯಾಟರಿ ನೋಡಿ ಅಭ್ಯಾಸ ಇದ್ದವನಿಗೆ 12.36 ಅಂದರೆ ಇನ್ನೂ ಜೀವ ಇದೆ ಅನಿಸುತ್ತದೆ. ನನಗೂ ಹಾಗೇ ಅನಿಸಿತು. ಆಮೇಲೆ ಹುಡುಗ ಒಂದೊಂದೇ ಜೋಡಿ ಅಳೆದ. 3.22, 3.21, 3.22. ನಾಲ್ಕನೆಯದು 2.71. ಮೂವರು ಇನ್ನೂ ದುಡಿಯಲು ಸಿದ್ಧ, ಒಬ್ಬ ಕುಸಿದು ಕೂತಿದ್ದಾನೆ. ಅವನು ಕೂತ ಕೂಡಲೇ ಕಾವಲು ಹಲಗೆ ಇಡೀ ಬ್ಯಾಟರಿಯನ್ನೇ ನಿಲ್ಲಿಸಿದೆ.

ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ, ಯಾಕೆಂದರೆ ಒಳಗಿನ ರಚನೆ ತಿಳಿಯದೆ ಮುಂದಿನ ಲೆಕ್ಕ ತಲೆಗೆ ಹತ್ತುವುದಿಲ್ಲ.

ಲಿಥಿಯಂ ಸೆಲ್ಲು ನಮ್ಮ ಕೈಗೆ ಸಿಗುವುದು ಮುಖ್ಯವಾಗಿ ಎರಡು ಜಾತಿ. ಒಂದಕ್ಕೆ ಅಂಗಡಿಯಲ್ಲಿ ಎನ್‌ಎಂಸಿ ಅಂತಾರೆ. ಲ್ಯಾಪ್‌ಟಾಪಿನಲ್ಲಿ, ಬಹಳ ಸ್ಕೂಟರುಗಳಲ್ಲಿ ಇರುವುದು. ತುಂಬಿದಾಗ 4.2 ವೋಲ್ಟು, 3 ವೋಲ್ಟಿಗೆ ಬಂದರೆ ಖಾಲಿ ಅಂತಲೇ. ಇನ್ನೊಂದು ಎಲ್‌ಎಫ್‌ಪಿ, ಅಂದರೆ ಕಬ್ಬಿಣ ಮತ್ತು ರಂಜಕದ ಫಾಸ್ಫೇಟ್ ಸೇರಿದ್ದು. ತುಂಬುವಾಗ 3.65ರ ತನಕ ಹೋಗುತ್ತದೆ, ಕೆಲಸ ಮಾಡುವಾಗ 3.2ರ ಸುತ್ತ ಇರುತ್ತದೆ, 2.5ಕ್ಕೆ ಖಾಲಿ. ಬೇಲಿಗೆ, ಪಂಪಿಗೆ ಇದೇ ಸರಿ. ಬಿಸಿ ತಾಳುತ್ತದೆ, ಬೆಂಕಿ ಅಪಾಯ ಕಡಿಮೆ, ಬಾಳಿಕೆ ಹೆಚ್ಚು. ಈ ಎಲ್‌ಎಫ್‌ಪಿ ವಿಷಯ ಮೊದಲು ಲೋಕಕ್ಕೆ ಗೊತ್ತಾದದ್ದು 1997ರಲ್ಲಿ, ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಒಂದು ಪ್ರಬಂಧದಿಂದ. ಬರೆದವರ ಹೆಸರು ಪಾಢಿ, ನಂಜುಂಡಸ್ವಾಮಿ, ಗುಡ್‌ಇನಫ್. ನಂಜುಂಡಸ್ವಾಮಿ ಅಂದ ಕೂಡಲೇ ನಿಮ್ಮ ಕಿವಿ ನೆಟ್ಟಗಾಯಿತು! ನಮ್ಮ ಪ್ರೊಫೆಸರ್ ಅಲ್ಲಪ್ಪ, ಇವರು ಬೇರೆ, ರಸಾಯನದವರು. ಗುಡ್‌ಇನಫ್ ಅವರಿಗೆ ಇನ್ನಿಬ್ಬರ ಜೊತೆ 2019ರಲ್ಲಿ ಲಿಥಿಯಂ ಬ್ಯಾಟರಿ ಕೆಲಸಕ್ಕೆ ನೊಬೆಲ್ ಬಂತು.

ನನ್ನ ಬ್ಯಾಟರಿಯಲ್ಲಿ ಎರಡೆರಡು ಸೆಲ್ಲು ಪಕ್ಕಪಕ್ಕ ಸೇರಿಸಿ ಒಂದು ಜೋಡಿ, ಅಂಥ ನಾಲ್ಕು ಜೋಡಿ ಒಂದರ ಹಿಂದೆ ಒಂದು. ಪಕ್ಕಪಕ್ಕ ಸೇರಿಸಿದ್ದು ಎರಡು ತೊಟ್ಟಿಗೆ ನಡುವೆ ಪೈಪು ಹಾಕಿದ ಹಾಗೆ. ನೀರಿನ ಮಟ್ಟ ತಾನೇ ಸಮ ಆಗುತ್ತದೆ. ಹಿಂದೆ ಮುಂದೆ ಕಟ್ಟಿದ್ದು ಬಾವಿಯಿಂದ ನೀರು ಸಾಗಿಸಲು ನಾಲ್ಕು ಜನ ಸಾಲಾಗಿ ನಿಂತ ಹಾಗೆ. ಒಬ್ಬ ನಿಂತರೆ ಎಲ್ಲರೂ ನಿಲ್ಲಬೇಕು. ಪಕ್ಕದವನಲ್ಲಿ ಎಷ್ಟು ಶಕ್ತಿ ಉಳಿದಿದ್ದರೂ ಪ್ರಯೋಜನ ಇಲ್ಲ. ಆದ್ದರಿಂದ ನಾಲ್ಕು ಜೋಡಿಯ ವೋಲ್ಟು ಒಂದೇ ಇರಬೇಕು, ಅಥವಾ ಬಹಳ ಹತ್ತಿರ ಇರಬೇಕು. ಎಷ್ಟು ಹತ್ತಿರ ಅನ್ನುವುದೇ ಇವತ್ತಿನ ಪ್ರಶ್ನೆ.

ನಮ್ಮ ಹುಡುಗ ಜೋಡಿಸುವ ದಿನ ಅಳೆಯದೆ ಇರಲಿಲ್ಲ. ಪಾಪ, ಅಳೆದು ಕಾಗದದಲ್ಲಿ ಬರೆದೂ ಇಟ್ಟಿದ್ದ. 3.30, 3.30, 3.29, 3.26. ವ್ಯತ್ಯಾಸ ಒಂದು ವೋಲ್ಟಿನ ನೂರರಲ್ಲಿ ನಾಲ್ಕು ಭಾಗ. ಇಷ್ಟಕ್ಕೇನು ಆಗುತ್ತೆ ದೊಡ್ಡಪ್ಪ ಅಂದ. ನಾನೂ ತಲೆ ಆಡಿಸಿದೆ. ತಪ್ಪಾದದ್ದು ಅಲ್ಲೇ.

ನಮ್ಮ ಹೆಂಗಸರು ನೀರು ಹೊರುವ ಕೊಡ ನೆನೆಸಿಕೊಳ್ಳಿ. ಕೊಡದ ಹೊಟ್ಟೆ ಅಗಲ, ಕತ್ತು ಸಣ್ಣ. ಹೊಟ್ಟೆಯ ಭಾಗದಲ್ಲಿ ಒಂದು ಚೊಂಬು ನೀರು ಹಾಕಿದರೆ ಮಟ್ಟ ಏರಿದ್ದೇ ಕಾಣುವುದಿಲ್ಲ. ಕತ್ತಿಗೆ ಬಂದ ಮೇಲೆ ಒಂದು ಲೋಟ ಹಾಕಿದರೂ ಗೇಣುದ್ದ ಏರಿ ಬಿಡುತ್ತದೆ. ಎಲ್‌ಎಫ್‌ಪಿ ಸೆಲ್ಲು ಥೇಟ್ ಕೊಡ. ನೂರಕ್ಕೆ ಇಪ್ಪತ್ತು ತುಂಬಿದಾಗ ಸುಮಾರು 3.2, ಎಂಬತ್ತು ತುಂಬಿದಾಗ ಸುಮಾರು 3.32. ನಡುವಿನ ಅರವತ್ತು ಪಾಲು ನೀರು ಅಷ್ಟೇ ಚೂರು ಮಟ್ಟದಲ್ಲಿ ಅಡಗಿದೆ. ಹಾಗಾಗಿ ಹೊಟ್ಟೆಯ ಭಾಗದಲ್ಲಿ ಅಳೆದ 0.04 ಅಂದರೆ ಐದರಲ್ಲಿ ಒಂದು ಪಾಲು ಕಮ್ಮಿ ಅಂತ ಅರ್ಥ. ನನ್ನ ಒಂದು ಜೋಡಿ 12 ಆಂಪಿಯರ್-ಗಂಟೆ. ಅದರಲ್ಲಿ ಎರಡೂಕಾಲು, ಎರಡೂವರೆ ಮೊದಲ ದಿನವೇ ಕೊರತೆ. ಬಿಸಿಲಿಗೆ ತುಂಬುವಾಗ ಆ ಮೂರು ಜೋಡಿ ಕತ್ತಿಗೆ ಬಂದು 3.65 ಮುಟ್ಟಿದ ಕೂಡಲೇ ಕಾವಲು ಹಲಗೆ ಸಾಕು ಅಂತ ನಿಲ್ಲಿಸುತ್ತದೆ, ನಾಲ್ಕನೆಯದು ತುಂಬುವುದೇ ಇಲ್ಲ. ರಾತ್ರಿ ಖಾಲಿಯಾಗುವಾಗ ಅದೇ ಮೊದಲು ತಳ ಕಾಣುತ್ತದೆ. ಬೇಲಿ ನಿಂತಾಗ ಉಳಿದ ಮೂರರಲ್ಲಿ ಐದನೇ ಒಂದು ಪಾಲು ಕರೆಂಟು ಹಾಗೇ ಕೂತಿತ್ತು ನೋಡಿ. ಅದೇ ಆ 3.22.

ಅಂಕಿ ಹೇಳು ಅಂತೀರಿ. ಹೇಳುತ್ತೇನೆ. ಆದರೆ ಇದು ಕಾನೂನಲ್ಲ, ಕೆಲಸ ಮಾಡುವವರು ಇಟ್ಟುಕೊಂಡಿರುವ ಅಳತೆ.

ಎಲ್‌ಎಫ್‌ಪಿಯನ್ನು ಚಾರ್ಜಿನಿಂದ ತೆಗೆದು, ಯಾವ ಕೆಲಸಕ್ಕೂ ಹಾಕದೆ ಒಂದೆರಡು ಗಂಟೆ ಬಿಟ್ಟು ಅಳೆಯಿರಿ. ನೂರರಲ್ಲಿ ಒಂದು ಭಾಗ, ಅಂದರೆ 0.01 ವ್ಯತ್ಯಾಸ ಇದ್ದರೆ ಉತ್ತಮ. 0.02 ನಡೆಯುತ್ತದೆ. 0.03 ಬಂದರೆ ಕಣ್ಣಿಡಿ. 0.05 ಅಂದರೆ ಬಿಚ್ಚಿ ಸರಿ ಮಾಡಬೇಕು. ಅದೇ ಬ್ಯಾಟರಿ ತುಂಬುವ ಕೊನೆಯಲ್ಲಿ, 3.5 ದಾಟಿದ ಮೇಲೆ ಅಳೆದರೆ 0.05 ಒಳ್ಳೇ ಲೆಕ್ಕ, 0.1 ಕೂಡ ಹೆದರುವಂಥದ್ದಲ್ಲ, ಯಾಕೆಂದರೆ ಅದು ಕೊಡದ ಕತ್ತು. ಅಲ್ಲಿ 0.2 ದಾಟಿದರೆ ಮಾತ್ರ ಸಮ ಮಾಡಬೇಕು. ಎನ್‌ಎಂಸಿ ಜಾತಿ ಕೊಡದ ಹಾಗಲ್ಲ, ನೇರ ಗೋಡೆಯ ತೊಟ್ಟಿ ಇದ್ದ ಹಾಗೆ. ಅಲ್ಲಿ ನಡುವೆ ಅಳೆದ 0.01 ಹೆಚ್ಚು ಕಡಿಮೆ ನೂರಕ್ಕೆ ಒಂದು ಪಾಲು. ಅದಕ್ಕೆ 0.03 ಚೆನ್ನ, 0.05 ಎಲ್ಲೆ, 0.1 ಬಂದರೆ ರಿಪೇರಿ. ಎಷ್ಟು ವ್ಯತ್ಯಾಸ ಇರಬಹುದು ಅಂತ ಯಾರಾದರೂ ಕೇಳಿದರೆ, ಯಾವ ಜಾತಿ, ಎಷ್ಟು ತುಂಬಿದಾಗ, ಕೆಲಸದಲ್ಲೋ ವಿರಾಮದಲ್ಲೋ ಅಂತ ಮೂರು ಮಾತು ವಾಪಸ್ ಕೇಳದೆ ಉತ್ತರ ಹೇಳಬೇಡಿ.

ಮೀಟರಿನ ಬಗ್ಗೆ ಒಂದು ಮಾತು. ನಾವು ತರುವ ಸಣ್ಣ ಮೀಟರನ್ನು ಡಿಸಿ 20ರ ಜಾಗಕ್ಕೆ ತಿರುಗಿಸಿದರೆ ಚುಕ್ಕೆಯಾದ ಮೇಲೆ ಎರಡು ಅಂಕಿ ತೋರಿಸುತ್ತದೆ. ಕೊನೆಯ ಅಂಕಿ ಒಂದು ಹೆಚ್ಚು ಒಂದು ಕಮ್ಮಿ ಆಡುವುದು ಮೀಟರಿನ ಗುಣ. 3.31, 3.32 ಅಂತ ಬಂದರೆ ಅದನ್ನು ವ್ಯತ್ಯಾಸ ಅಂತ ಲೆಕ್ಕಕ್ಕೆ ತಗೋಬೇಡಿ. ಮೀಟರ್ ನಿಜಕ್ಕಿಂತ ಸ್ವಲ್ಪ ಹೆಚ್ಚು ತೋರಿಸಿದರೂ ಚಿಂತೆ ಇಲ್ಲ, ನಾಲ್ಕಕ್ಕೂ ಒಂದೇ ಹೆಚ್ಚು ತೋರಿಸುತ್ತದಲ್ಲ. ಒಂದು ಜೋಡಿಯನ್ನು ನಿಮ್ಮ ಮೀಟರಲ್ಲಿ, ಇನ್ನೊಂದನ್ನು ಪಕ್ಕದ ಮನೆಯವರ ಮೀಟರಲ್ಲಿ ಅಳೆದು ಜಗಳಕ್ಕೆ ಬೀಳಬೇಡಿ. ಮೀಟರಿನ ಎರಡು ಮೊನೆ ಒಂದಕ್ಕೊಂದು ತಾಗದ ಹಾಗೆ ಹಿಡಿಯಿರಿ, ಕಿಡಿ ಹಾರುತ್ತದೆ. ಕಾವಲು ಹಲಗೆಗೆ ಹೋಗುವ ಸಣ್ಣ ತಂತಿಗಳು ನಾಲ್ಕು ಜೋಡಿಗೆ ಐದು ಇರುತ್ತವೆ. ಪಕ್ಕಪಕ್ಕದ ಎರಡು ತಂತಿಗೆ ಹಿಡಿದರೆ ಒಂದು ಜೋಡಿಯ ವೋಲ್ಟು ಸಿಗುತ್ತದೆ. ಪೂರಾ ಬಿಚ್ಚುವ ಕಷ್ಟ ತಪ್ಪುತ್ತದೆ.

ಈಗ ಆ ಕಾವಲು ಹಲಗೆ. ಹುಡುಗರು ಬಿಎಂಎಸ್ ಅಂತಾರೆ. ಬಿಎಂಎಸ್ ಹಾಕಿದೀನಿ, ಅದೇ ಸಮ ಮಾಡ್ಕೊಳುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಮೊದಲನೆಯದಾಗಿ, ಅಗ್ಗದ ಹಲಗೆಗಳಲ್ಲಿ ಬಹಳಷ್ಟಕ್ಕೆ ಸಮ ಮಾಡುವ ಕೆಲಸವೇ ಬರುವುದಿಲ್ಲ, ಹೆಚ್ಚಾದರೆ ಕಡಿಯುವುದು, ಕಮ್ಮಿಯಾದರೆ ಕಡಿಯುವುದು, ಅಷ್ಟೆ. ನನ್ನದರಲ್ಲಿ ಇದ್ದದ್ದು ಅಂಥದ್ದೇ. ಸಮ ಮಾಡುವ ಹಲಗೆ ಇದ್ದರೂ ಅದು ಮಾಡುವುದೇನು? ತುಂಬಿದ ಜೋಡಿಯಿಂದ ಸಣ್ಣ ಧಾರೆಯಲ್ಲಿ ಕರೆಂಟು ಸೋರಿಸಿ ಬಿಸಿ ಮಾಡಿ ಕಳೆಯುತ್ತದೆ. ಆ ಧಾರೆ ಸುಮಾರು 50 ಮಿಲಿ ಆಂಪಿಯರ್, ಅಂದರೆ ಒಂದು ಆಂಪಿಯರಿನ ಇಪ್ಪತ್ತನೇ ಒಂದು ಭಾಗ. ನನ್ನ ಕೊರತೆ 2.4 ಆಂಪಿಯರ್-ಗಂಟೆ. ಭಾಗಿಸಿ ನೋಡಿ, 48 ಗಂಟೆ ಬೇಕು. ಅದೂ ಬ್ಯಾಟರಿ ತುಂಬಿ ತುದಿಗೆ ಬಂದಾಗ ಮಾತ್ರ ಕೆಲಸ ಮಾಡುತ್ತದೆ. ಸೋಲಾರಿನಲ್ಲಿ ದಿನಕ್ಕೆ ಒಂದು ಗಂಟೆ ತುದಿಯಲ್ಲಿ ಇದ್ದರೆ 48 ದಿನ. ಮೋಡ ಬಂದ ದಿನ ರಜೆ. ಹಾಗಾಗಿ ಹಲಗೆ ಇರಬೇಕು, ಸಮ ಮಾಡುವಂಥದ್ದೇ ಇರಬೇಕು, ಆದರೆ ಜೋಡಿಸುವವನು ಮಾಡದೆ ಬಿಟ್ಟ ಕೆಲಸವನ್ನು ಅದರ ತಲೆಗೆ ಕಟ್ಟಬಾರದು.

ಜೋಡಿಸುವ ಮುಂಚಿನ ಕೆಲಸ ಇಷ್ಟು. ಎಲ್ಲ ಸೆಲ್ಲನ್ನೂ ಒಂದೊಂದಾಗಿ, ಒಂದು ಸೆಲ್ಲಿಗೆ ತಕ್ಕ ಚಾರ್ಜರಿನಲ್ಲಿ, 3.65ರ ತನಕ ತುಂಬಬೇಕು. ತುಂಬಿ, ಎರಡು ವಾರ ಸುಮ್ಮನೆ ಇಡಬೇಕು. ಎರಡು ವಾರ ಯಾರು ಕಾಯುತ್ತಾರೆ ಅಂತ ನಗಬೇಡಿ, ಹುಣಸೆಹಣ್ಣು ಮಾರಲು ಬೆಲೆಗಾಗಿ ಎರಡು ತಿಂಗಳು ಕಾಯುವವರು ನಾವು. ಎರಡು ವಾರದಲ್ಲಿ ಎಲ್ಲವೂ 3.33ರ ಹತ್ತಿರ ಬಂದು ನಿಂತು, ಒಂದು ಮಾತ್ರ 3.28ಕ್ಕೆ ಇಳಿದರೆ ಅದು ಒಳಗೇ ಸೋರುವ ಸೆಲ್ಲು. ಅದನ್ನು ವಾಪಸ್ ಕೊಡಿ. ಉಳಿದವನ್ನು ಮತ್ತೊಮ್ಮೆ ತುಂಬಿ, ಪಕ್ಕಪಕ್ಕ ಎಲ್ಲವನ್ನೂ ಸೇರಿಸಿ ಒಂದು ರಾತ್ರಿ ಬಿಟ್ಟರೆ ಮಟ್ಟ ಪೂರ್ತಿ ಸಮ. ಆಮೇಲೆ ಸಾಲಾಗಿ ಕಟ್ಟಬೇಕು.

ತುಂಬಿದ ಸೆಲ್ಲನ್ನೂ ಖಾಲಿ ಸೆಲ್ಲನ್ನೂ ನೇರ ಪಕ್ಕಪಕ್ಕ ಸೇರಿಸಬೇಡಿ. ಒಳ ತಡೆ ಬಹಳ ಕಮ್ಮಿ, ಎರಡಕ್ಕೂ ಸೇರಿ ಒಂದು ಓಮಿನ ನೂರರಲ್ಲಿ ಎರಡು ಭಾಗ ಅಂತ ಇಟ್ಟುಕೊಳ್ಳಿ. 0.2 ವೋಲ್ಟು ವ್ಯತ್ಯಾಸ ಇದ್ದರೆ 10 ಆಂಪಿಯರ್ ಒಂದರಿಂದ ಇನ್ನೊಂದಕ್ಕೆ ನುಗ್ಗುತ್ತದೆ. ತಡೆಯುವವರು ಯಾರೂ ಇಲ್ಲ, ಕಾವಲು ಹಲಗೆಗೆ ಇದು ಕಾಣುವುದೂ ಇಲ್ಲ. ಇನ್ನೊಂದು, ಸೆಲ್ಲಿಗೆ ಸೋಲ್ಡರ್ ಕಡ್ಡಿ ಒತ್ತಿ ಹಿಡಿದು ಕಾಯಿಸುವುದು ಬೇಡ. ನಿಕಲ್ ಪಟ್ಟಿ ಇಟ್ಟು ಸ್ಪಾಟ್ ವೆಲ್ಡಿಂಗ್ ಮಾಡಿಸಿ. ಸೆಲ್ಲಿನ ತಲೆಗೆ ಬಾರ್ಲಿ ಪೇಪರ್ ಹಾಕಿಸಿ.

ನಮ್ಮ ಬ್ಯಾಟರಿ ಕಥೆ ಮುಗಿಸುತ್ತೇನೆ. ಆ ನಾಲ್ಕನೇ ಜೋಡಿಯನ್ನು ಬೇರೆಯಾಗಿ ಚಾರ್ಜ್ ಮಾಡಿ ಉಳಿದವುಗಳ ಮಟ್ಟಕ್ಕೆ ತಂದೆವು. ವ್ಯತ್ಯಾಸ 0.01ಕ್ಕೆ ಬಂತು. ಸರಿಹೋಯಿತು ಅಂದುಕೊಂಡೆ. ಹದಿನೈದು ದಿನ ಬಿಟ್ಟು ನೋಡಿದರೆ ಅದೇ ಜೋಡಿ ಮತ್ತೆ ಇಳಿದಿದೆ. ಆಗ ತಿಳಿಯಿತು, ನಮ್ಮ ತಪ್ಪು ಒಂದು, ಸೆಲ್ಲಿನ ರೋಗ ಇನ್ನೊಂದು, ಎರಡೂ ಸೇರಿಕೊಂಡಿವೆ. ಸಮ ಮಾಡಿದ ಮೇಲೆ ಹಾಗೇ ನಿಂತರೆ ಅದು ಜೋಡಿಸಿದವನ ತಪ್ಪು, ಕ್ಷಮಿಸಬಹುದು. ಸಮ ಮಾಡಿದ ಮೇಲೂ ಅದೇ ಜೋಡಿ ಮತ್ತೆ ಮತ್ತೆ ಇಳಿದರೆ ಅದರಲ್ಲಿ ಒಂದು ಸೆಲ್ಲು ಕೆಟ್ಟಿದೆ. ಪಟ್ಟಿ ಕತ್ತರಿಸಿ ಎರಡನ್ನೂ ಬೇರೆ ಇಟ್ಟು ನೋಡಿದೆವು, ಕೆಟ್ಟದ್ದು ಸಿಕ್ಕಿತು. 190 ರೂಪಾಯಿಯ ಒಂದು ಸೆಲ್ಲು. ಹಂದಿ ತಿಂದ ಬೆಳೆಯ ಲೆಕ್ಕ ಆಗಲೇ ಹೇಳಿದ್ದೇನೆ. ಆ ಹಣ ನಾನು ಕಟಾವಿನ ಕೂಲಿಗೆ ಕೈಸಾಲ ಮಾಡಿ ತುಂಬಿಸಿಕೊಂಡದ್ದು, ಯುಗಾದಿ ತನಕ ಬಡ್ಡಿ ಕಟ್ಟಿದ್ದೇನೆ.

ಕೆಲಸದಲ್ಲಿರುವಾಗಲೂ ಒಮ್ಮೆ ಅಳೆಯಿರಿ. ಪಂಪು ಓಡುತ್ತಿರುವಾಗ ಎಲ್ಲ ಜೋಡಿಯೂ ಸ್ವಲ್ಪ ಇಳಿಯುತ್ತವೆ. ವಿರಾಮದಲ್ಲಿ ಸಮ ಇದ್ದ ನಾಲ್ಕರಲ್ಲಿ ಒಂದು ಮಾತ್ರ 0.1 ಹೆಚ್ಚಿಗೆ ಕುಸಿದರೆ ಆ ಸೆಲ್ಲಿಗೆ ವಯಸ್ಸಾಗಿದೆ, ಇಲ್ಲವೇ ವೆಲ್ಡಿಂಗ್ ಬಿಟ್ಟಿದೆ. ಪಟ್ಟಿ ಮೇಲೆ ಒಮ್ಮೆ, ಸೆಲ್ಲಿನ ತಲೆ ಮೇಲೇ ಒಮ್ಮೆ ಹಿಡಿದು ನೋಡಿದರೆ ಯಾವುದು ಅಂತ ಗೊತ್ತಾಗುತ್ತದೆ.

ಇನ್ನು ವ್ಯಾಪಾರದ ವಿಷಯ. ಈಗ ಹಳೇ ಸ್ಕೂಟರಿನಿಂದ, ಲ್ಯಾಪ್‌ಟಾಪಿನಿಂದ ಬಿಚ್ಚಿದ ಸೆಲ್ಲಿಗೆ ಹೊಸ ಪ್ಲಾಸ್ಟಿಕ್ ಅಂಗಿ ಹಾಕಿ ಹೊಸದು ಅಂತ ಮಾರುವವರಿದ್ದಾರೆ. ಯಾವ ಊರು, ಯಾವ ಅಂಗಡಿ ಅಂತ ನಾನು ಹೆಸರು ಹೇಳುವುದಿಲ್ಲ. ನನ್ನ ಕೆಟ್ಟ ಸೆಲ್ಲು ವಾಪಸ್ ತಗೊಳ್ಳಲು ಹೋದಾಗ, ಬಿಲ್ ಎಲ್ಲಿ ಅಂದರು. ಬಿಲ್ ಕೇಳಿದ್ದರೆ ತೆರಿಗೆ ಸೇರಿಸ್ತೀನಿ ಅಂದದ್ದೂ ಅವರೇ. ಲಿಥಿಯಂ ಬ್ಯಾಟರಿ ಮೇಲೆ ನೂರಕ್ಕೆ 18 ಜಿಎಸ್‌ಟಿ. ವ್ಯಾಪಾರಿ ತಾನು ಕಟ್ಟಿದ ತೆರಿಗೆಯನ್ನು ಮುಂದಿನವನ ತಲೆಗೆ ದಾಟಿಸಿ ಕಳೆದುಕೊಳ್ಳುತ್ತಾನೆ. ನಮ್ಮ ಕಡ್ಲೆಕಾಯಿ ಬೆಲೆಗೆ ನಾವು ಅದನ್ನು ದಾಟಿಸುವುದು ಹೇಗೆ? ಆದರೂ ಬಿಲ್ ತಗೊಳ್ಳಿ. ಬಿಲ್ ಇಲ್ಲದ ಸೆಲ್ಲಿಗೆ ಅಪ್ಪ ಅಮ್ಮ ಇಲ್ಲ.

ಸೆಲ್ಲಿನ ಮೇಲಿನ ಅಚ್ಚು ನಂಬಬೇಡಿ. 18650 ಅನ್ನುವ ಬೆರಳುದ್ದದ ಸೆಲ್ಲಿನಲ್ಲಿ ಒಳ್ಳೇ ಕಂಪನಿಯದಾದರೂ 3,500 ಮಿಲಿ ಆಂಪಿಯರ್-ಗಂಟೆಯ ಆಸುಪಾಸು ಹಿಡಿಯುತ್ತದೆ. 9,900 ಅಂತ ಬರೆದದ್ದು ಕಂಡರೆ ಅದು ಸುಳ್ಳು, ತಿರುಗಿ ನೋಡದೆ ಬನ್ನಿ. ಅಸಲಿ ಸೆಲ್ಲು 45 ಗ್ರಾಂ ಆಸುಪಾಸು ತೂಗುತ್ತದೆ. ಬಹಳ ಹಗುರ ಇದ್ದರೆ ಒಳಗೆ ಸರಕಿಲ್ಲ. ಗ್ರಾಂ ತಕ್ಕಡಿ ಎಲ್ಲಿದೆ ಅಂತೀರಾ? ಒಡವೆ ಅಡ ಇಡಲು ಹೋಗುತ್ತೀರಲ್ಲ, ಅಲ್ಲೇ ತೂಗಿಸಿ. ಉಬ್ಬಿದ್ದು, ಒದ್ದೆ ಗುರುತಿರುವುದು, ಸಿಹಿ ವಾಸನೆ ಬರುವುದು ಮುಟ್ಟಬೇಡಿ. ತಿಂಗಳುಗಟ್ಟಲೆ 2 ವೋಲ್ಟಿಗಿಂತ ಕೆಳಗೆ ಬಿದ್ದಿದ್ದ ಸೆಲ್ಲನ್ನು ಜೀವ ಬರಿಸಿ ಕೊಡ್ತೀನಿ ಅನ್ನುವವನ ಮಾತು ಕೇಳಬೇಡಿ. ಅಷ್ಟು ಕೆಳಗಿಳಿದರೆ ಒಳಗಿನ ತಾಮ್ರ ಕರಗಿ, ಮತ್ತೆ ತುಂಬುವಾಗ ಕಂಡಲ್ಲಿ ಕೂತು ಒಳಗೇ ಶಾರ್ಟ್ ಆಗುವ ಸಂಭವ ಇದೆ.

ಬೆಂಕಿಯ ಮಾತು ಹೇಳದೆ ಇರಲಾರೆ. 2022ರಲ್ಲಿ ದೇಶದ ಹಲವು ಕಡೆ ಕರೆಂಟ್ ಸ್ಕೂಟರುಗಳು ಹೊತ್ತಿ ಉರಿದದ್ದು ಪೇಪರಿನಲ್ಲಿ ಓದಿದ್ದೀರಿ. ಆಮೇಲೆ ಸರ್ಕಾರ ವಾಹನದ ಬ್ಯಾಟರಿಗೆ ಪರೀಕ್ಷೆಯ ನಿಯಮ ಬಿಗಿ ಮಾಡಿತು. ನಮ್ಮ ಹಿತ್ತಲಲ್ಲಿ ಜೋಡಿಸಿದ್ದಕ್ಕೆ ಪರೀಕ್ಷೆ ಮಾಡುವವರು ನಾವೇ. ಎಲ್ಲಕ್ಕಿಂತ ದೊಡ್ಡ ತಪ್ಪು ಚಾರ್ಜರಿನದು. ಮೂರು ಎನ್‌ಎಂಸಿ ಸೆಲ್ಲು ಸಾಲು ಕಟ್ಟಿದ ಬ್ಯಾಟರಿಗೂ ಅಂಗಡಿಯವರು 12 ವೋಲ್ಟು ಅಂತಲೇ ಹೇಳುತ್ತಾರೆ. ಅದು ತುಂಬುವುದು 12.6ಕ್ಕೆ. ಸೀಸದ ಬ್ಯಾಟರಿಯ ಹಳೇ ಚಾರ್ಜರ್ ಕೊಡುವುದು 14.4. ಮೂರರಿಂದ ಭಾಗಿಸಿದರೆ ಒಂದೊಂದಕ್ಕೆ 4.8 ವೋಲ್ಟು. ತಡೆಯುವುದು ಆ ಅಗ್ಗದ ಹಲಗೆ ಒಂದೇ. ಅದು ಕೈಕೊಟ್ಟರೆ ಮನೆ ಹೋಗುತ್ತದೆ. ನಾಲ್ಕು ಎಲ್‌ಎಫ್‌ಪಿಗೆ 14.2ರಿಂದ 14.4 ಸಾಕು, 14.6 ಕೊನೆಯ ಮಿತಿ. ಬೇಲಿಯ ಸೋಲಾರ್ ಕಂಟ್ರೋಲರ್ ಕೂಡ ಲಿಥಿಯಂಗೆ ತಿರುಗಿಸಿದೆಯಾ ನೋಡಿ. ಚಾರ್ಜಿಗೆ ಹಾಕುವುದು ಹಗಲು, ಜಗಲಿಯ ನೆರಳಲ್ಲಿ, ಕಲ್ಲಿನ ಮೇಲೆ. ಮಕ್ಕಳು ಮಲಗುವ ಕೋಣೆಯಲ್ಲಿ, ಹೊಟ್ಟು ಹುಲ್ಲಿನ ಪಕ್ಕ, ಹಾಸಿಗೆ ಮೇಲೆ ಬೇಡ. ಹೊಗೆ ಬಂದರೆ ಮೊದಲು ಜನ ಹೊರಗೆ ಬರಲಿ, ಆ ಹೊಗೆ ವಿಷ. ಬ್ಯಾಟರಿ ಹೋದರೆ ಹೋಗಲಿ.

ಪಾವಗಡದ ಕಡೆ ತಿರುಮಣಿಯಲ್ಲಿ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಬಿಸಿಲಿನ ಕರೆಂಟು ಹುಟ್ಟುತ್ತದೆ. ಅಲ್ಲಿನ ರೈತರು ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆಗೆ ಜಮೀನು ಕೊಟ್ಟಿದ್ದಾರೆ. ಅದರ ಮಗ್ಗುಲಲ್ಲೇ ಇರುವ ನಮಗೆ ರಾತ್ರಿ ಹಂದಿ ಕಾಯಲು ಎಂಟು ಸೆಲ್ಲು ಕೈಯಲ್ಲಿ ಜೋಡಿಸಿಕೊಳ್ಳುವ ಗತಿ. ಇದು ಮಾತಿನ ಮಧ್ಯೆ ನೆನಪಾದದ್ದು, ಅದರ ಬಗ್ಗೆ ಬೇರೆ ದಿನ ಮಾತಾಡೋಣ.

ಸಭೆಯಲ್ಲಿ ಒಬ್ಬ ಅಜ್ಜ ಕೇಳಿದರು: “ಇಷ್ಟೆಲ್ಲ ತಾಪತ್ರಯ ಯಾಕಪ್ಪ, ಸೀಸದ್ದೇ ಇಟ್ಕೊಂಡ್ರೆ ಆಗಲ್ವ?” ಆಗುತ್ತೆ ಅಜ್ಜ. ಮೀಟರ್ ಹಿಡಿಯುವವರು ಮನೆಯಲ್ಲಿ ಯಾರೂ ಇಲ್ಲದಿದ್ದರೆ ಸೀಸದ್ದೇ ವಾಸಿ. ಭಾರ ಹೆಚ್ಚು, ಬಾಳಿಕೆ ಕಮ್ಮಿ, ಆದರೆ ಕೆಟ್ಟ ಮೇಲೂ ಗುಜರಿಯವನು ಸೀಸಕ್ಕೆ ನಾಲ್ಕು ಕಾಸು ಕೊಡುತ್ತಾನೆ. ಲಿಥಿಯಂ ಸತ್ತರೆ ಗುಜರಿ ರಾಶಿಗೆ, ಬಚ್ಚಲ ಒಲೆಗೆ ಎಸೆಯಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆಯದನ್ನು ವಾಪಸ್ ಪಡೆಯುವ ಹೊಣೆ ಬ್ಯಾಟರಿ ಮಾಡಿ ಮಾರುವ ಕಂಪನಿಯವರದು. ಕೊಂಡ ಅಂಗಡಿಗೇ ಕೊಂಡೊಯ್ದು ಕೇಳಿ.

ಒಬ್ಬ ಹುಡುಗ ಕೇಳಿದ, ಹಳೇ ಸೆಲ್ಲು ಹೊಸ ಸೆಲ್ಲು ಸೇರಿಸಬಹುದಾ, ವೋಲ್ಟು ಒಂದೇ ಇದೆಯಲ್ಲ ಅಂತ. ವೋಲ್ಟು ಒಂದೇ ಇರಬಹುದು ತಮ್ಮ, ಕೊಡದ ಗಾತ್ರ ಒಂದೇ ಅಲ್ಲ. ಹಳೇದು ಸಣ್ಣ ಕೊಡ, ಬೇಗ ತುಂಬುತ್ತೆ, ಬೇಗ ಖಾಲಿ. ಇವತ್ತು ಸಮ ಕಂಡದ್ದು ರಾತ್ರಿ ಹೊತ್ತಿಗೆ ಹೊಂದುವುದಿಲ್ಲ. ನಾನು ಒಂದು ಹೊಸ ಸೆಲ್ಲು ಹಾಕಿದ್ದು ನಾಲ್ಕು ತಿಂಗಳಿನ ಪ್ಯಾಕಿಗೆ, ಅದಕ್ಕೆ ನಡೆಯಿತು. ನಾಲ್ಕು ವರ್ಷದ್ದಕ್ಕೆ ಹಾಕಬೇಡ.

ನನ್ನ ಹತ್ತಿರ ಎರಡು ಮೀಟರ್ ಇವೆ, ಒಂದು ಸೆಲ್ಲಿನ ಚಾರ್ಜರ್ ಒಂದಿದೆ. ಮುಂದಿನ ಭಾನುವಾರ ಹತ್ತು ಗಂಟೆಗೆ ಇಲ್ಲೇ ಕೂತಿರುತ್ತೇನೆ. ಬ್ಯಾಟರಿ ತರುವವರು ಹಿಂದಿನ ರಾತ್ರಿಯೇ ಚಾರ್ಜಿನಿಂದ ತೆಗೆದಿಡಿ. ಮಕ್ಕಳ ಹಳೇ ನೋಟ್‌ಬುಕ್ಕಿನ ಒಂದು ಹಾಳೆ ತನ್ನಿ, ತಾರೀಕು ಹಾಕಿ ನಾಲ್ಕು ಅಂಕಿ ಬರೆದು ಕೊಡುತ್ತೇನೆ. ತಿಂಗಳು ಬಿಟ್ಟು ಅದೇ ಹಾಳೆ ತಗೊಂಡು ಮತ್ತೆ ಬರಬೇಕು, ಅದರ ಕೆಳಗೇ ಎರಡನೇ ಸಾಲು ಬರೆಯೋಣ.